ಡಾಂಬರಿನ ಮೇಲೆ ಇಳಿದವನು

ಎರಡನೆಯ ಒಬ್ಬೆ ಮಂಡಾಸಿಯನ್ನು ಎಣ್ಣೆಗೆ ಬಿಟ್ಟಿದ್ದೆ. ಹಿಟ್ಟಿನ ಉಂಡೆಗಳು ಉಬ್ಬಿ ಮೇಲೆ ಬಂದು, ಇನ್ನೇನು ಮಗ್ಗುಲು ತಿರುಗಿಸಬೇಕು ಅನ್ನುವ ಹೊತ್ತಿಗೆ ಹುಲ್ಲಿನ ಬೇಲಿಯ ಆಚೆ ನನ್ನ ಮಗಳ ತಲೆ ಕಾಣಿಸಿತು. ತಲೆಯ ಮೇಲೆ ಸೈಕಲ್ಲಿನ ಮೆತ್ತೆ ಇತ್ತು. ಅವಳ ಹಿಂದೆ ನನ್ನ ಗಂಡ ಫ್ಯಾಕ್ಸನ್ ನಡೆದು ಬರುತ್ತಿದ್ದರು.

ಮಗಳು ಅಲಿನಾಫೆ, ನಮ್ಮ ಬಾಯಲ್ಲಿ ನಾಫೆ, ಆ ಹೊತ್ತಿಗೆ ಸ್ಕೂಲಿನಲ್ಲಿರಬೇಕು. ಮೆತ್ತೆ ಸೈಕಲ್ಲಿನ ಕ್ಯಾರಿಯರ್ ಮೇಲಿರಬೇಕು. ಗಂಡ ಸೈಕಲ್ಲಿನ ಮೇಲೆ, ಯಾರನ್ನಾದರೂ ಬಾಡಿಗೆಗೆ ಹಿಂದೆ ಕೂರಿಸಿಕೊಂಡು, ಬಸ್‌ಸ್ಟ್ಯಾಂಡಿಗೋ ಆಸ್ಪತ್ರೆಗೋ ತುಳಿಯುತ್ತಿರಬೇಕು. ಎದುರಿನ ಅಂಗಡಿಯಿಂದ ಉಪ್ಪು ತರುವುದಕ್ಕೂ ಸೈಕಲ್ ಹತ್ತುವ ಮನುಷ್ಯ ಅವರು. ಅವರು ಇಷ್ಟು ಕುಳ್ಳಗಿದ್ದಾರೆ ಎಂಬುದೇ ನನಗೆ ಮರೆತುಹೋಗಿತ್ತು.

"ಸೈಕಲ್ ಎಲ್ಲಿ?" ಅಂದೆ.

"ಹಿಡ್ಕೊಂಡ್ರು."

"ಯಾರು?"

"ಮಗೊಂಬೊ ಬ್ವಾನಾ."

"ಮತ್ತೆ ಮೆತ್ತೆ?"

"ಮೆತ್ತೆ ಗಾಡಿ ಅಲ್ವಂತೆ. ಕಾನೂನು ಗಾಡಿಗೆ ಮಾತ್ರ, ಇದನ್ನ ತಗೊಂಡು ಹೋಗು ಅಂದ್ರು. ಪಾಪ, ಅಷ್ಟರ ಮಟ್ಟಿಗೆ ನ್ಯಾಯವಂತ."

ಎಣ್ಣೆಯಲ್ಲಿದ್ದ ಒಬ್ಬೆಯನ್ನು ನಾನು ಅಷ್ಟೊತ್ತಿಗೆ ಮರೆತಿದ್ದೆ. ಸುಟ್ಟ ವಾಸನೆ ಬಂದಾಗ ಓಡಿ ತೆಗೆದರೆ ಎಲ್ಲವೂ ಕಲ್ಲಿದ್ದಲಿನ ಹಾಗಿದ್ದವು. ನಾಫೆ ಮೆತ್ತೆಯನ್ನು ಹುಷಾರಾಗಿ ಚಾಪೆಯ ಮೇಲಿಟ್ಟು, ನಾನು ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆಯ ಸೆರಗು ಹಿಡಿದು ಎಳೆದಳು.

"ಅಮ್ಮಾ, ಆ ಬ್ವಾನಾ ಇದಾರಲ್ಲ, ಅವರು..."

"ಇರು ಮಗಾ, ಎಣ್ಣೆ ಹತ್ರ ಬರಬೇಡ."

ಏಳು ವರ್ಷದ ಹುಡುಗಿ. ಏನನ್ನೂ ಅರ್ಧ ತಿಳಿದು ಸುಮ್ಮನಾಗುವವಳಲ್ಲ. ಆದರೆ ದೊಡ್ಡವರು ಮಾತಾಡುವಾಗ ಬಾಯಿ ಹಾಕಬಾರದೆಂದು ಅವಳಿಗೆ ಕಲಿಸಿದವಳೂ ನಾನೇ. ಅವಳು ಹೋಗಿ ಮೆತ್ತೆಯ ಮೇಲೆ ಕೂತು, ಗಲ್ಲಕ್ಕೆ ಕೈಕೊಟ್ಟು ನಮ್ಮಿಬ್ಬರನ್ನೂ ನೋಡತೊಡಗಿದಳು.

ನಡೆದದ್ದು ಇಷ್ಟು. ಮಗಳನ್ನು ಸ್ಕೂಲಿಗೆ ಬಿಡಲು ಫ್ಯಾಕ್ಸನ್ ಡಾಂಬರು ರಸ್ತೆಯಲ್ಲಿ ಹೋಗುತ್ತಿದ್ದಾರೆ. ಎದುರಿನಿಂದ, ಆಸ್ಪತ್ರೆಯ ಕಡೆಯಿಂದ, ಒಂದು ಪಿಕಪ್ ಬಂತು. ಮೂತಿಗೆ ಹಸಿರು ಕೊಂಬೆ ಕಟ್ಟಿದೆ; ಹಿಂದೆ ಪೆಟ್ಟಿಗೆಯ ಸುತ್ತ ಹೆಂಗಸರು ಕೂತು ಹಾಡುತ್ತಿದ್ದಾರೆ. ಹೆಣ ಮನೆಗೆ ಹೋಗುತ್ತಿತ್ತು. ಫ್ಯಾಕ್ಸನ್ ಸೈಕಲ್ಲಿನಿಂದ ಇಳಿದರು. ಟೋಪಿ ತೆಗೆದರು. ಮಗಳು ಕ್ಯಾರಿಯರಿನಿಂದ ಜಾರಿ, ಹೆಣ್ಣುಮಕ್ಕಳು ಮಾಡಬೇಕಾದ ಹಾಗೆ, ನೆಲಕ್ಕೆ ಕೂತಳು. ನಮ್ಮ ಎಂಪಾಲೆ ಊರಿನಲ್ಲಿ ಹೆಣ ಕಂಡರೆ ಕುಡುಕನೂ ಹೀಗೇ ಮಾಡುತ್ತಾನೆ, ನಿಲ್ಲಲಾಗದಿದ್ದರೆ ಮರ ಹಿಡಿದುಕೊಂಡು ಮಾಡುತ್ತಾನೆ.

ಅವರ ಹಿಂದೆಯೇ ಬರುತ್ತಿದ್ದದ್ದು ಪೇಟೆಯ ರಸ್ತೆ ಇನ್ಸ್‌ಪೆಕ್ಟರ್, ನಾವೆಲ್ಲ ಬ್ವಾನಾ, ಅಂದರೆ ಸಾಹೇಬರು, ಎಂದು ಕರೆಯುವ ಮಗೊಂಬೊ ಅವರ ಕಾರು. ಅವರು ಬ್ರೇಕು ಒತ್ತಿದ ರಭಸಕ್ಕೆ ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಚಹಾ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಬಿತ್ತು. ಹೆಣ ದಾಟಿಹೋಗುವವರೆಗೂ ಅವರು ಪಾಪ ಕಾರಿನೊಳಗೇ ಬಿಸಿ ಚಹಾದಲ್ಲಿ ತೆಪ್ಪಗೆ ಕೂತಿದ್ದರಂತೆ. ದಾಟಿದ ಮೇಲೆ ಇಳಿದು ಬಂದು ಹೇಳಿದರಂತೆ: "ಡಾಂಬರಿನ ಮೇಲೆ ಗಾಡಿ ನಿಲ್ಲಿಸುವ ಹಾಗಿಲ್ಲ. ನಿಯಮ ಎಲ್ಲರಿಗೂ ಒಂದೇ."

"ಯಾರ ಹೆಣವಂತೆ?" ನಾನು ಕೇಳಿದೆ.

"ನಂಗೇನು ಗೊತ್ತು? ಹೆಸರು ಕೇಳ್ಕೊಂಡು ಇಳಿಯಕ್ಕಾಗತ್ತಾ?"

ಅದೂ ಸರಿ.

ಇಲ್ಲಿ ಒಂದು ವಿಷಯ ಹೇಳಬೇಕು. ಈ ನಿಯಮವನ್ನು ಯಾರೋ ತಂದು ನಮ್ಮ ತಲೆಗೆ ಕಟ್ಟಿದ್ದಲ್ಲ. ನಮ್ಮ ಗಂಡಸರೇ ಹಾಡಿ, ಕುಣಿದು, ಬೇಡಿ ತಂದುಕೊಂಡದ್ದು.

ಮೊದಲು ಬಾಡಿಗೆ ಸೈಕಲ್ಲಿನವರಿಗೆ ಡಾಂಬರು ಇರಲಿಲ್ಲ. ಡಾಂಬರಿನ ಅಂಚಿನ ಆಚೆ ಮಣ್ಣಿನ ಪಟ್ಟಿ, ಅದೇ ಅವರ ದಾರಿ. ಡಾಂಬರಿಗೂ ಮಣ್ಣಿಗೂ ನಡುವೆ ಮೆಟ್ಟಿಲಿನಷ್ಟು ಕೊರಕಲು. ಯಾರಾದರೂ ಹುಷಾರಾಗಿ ಮೇಲೆ ಹತ್ತಿದರೆ ಮಿನಿಬಸ್ಸಿನ ಕಂಡಕ್ಟರ್ ಬಾಗಿಲು ಬಡಿದು "ಮಣ್ಣಿಗೆ! ಮಣ್ಣಿಗೆ!" ಎಂದು ಅರಚುತ್ತಿದ್ದ. ಮಣ್ಣಿಗೆ ಇಳಿಯುವುದೆಂದರೆ ಬೀಳುವುದು. ಸೈಕಲ್ಲು, ಹಿಂದೆ ಕೂತ ಹೆಂಗಸು, ಹೆಂಗಸಿನ ಕೈಯ ಕೋಳಿ, ಎಲ್ಲವೂ ಬೇರೆ ಬೇರೆ ದಿಕ್ಕಿಗೆ. ಒಂದು ಸಲ ಫ್ಯಾಕ್ಸನ್ ಹಾಗೆ ಬಿದ್ದು, ಗಿರಾಕಿಯ ಮೂಟೆ ಒಡೆದು, ಇಡೀ ರಸ್ತೆಗೆ ಜೋಳದ ಹಿಟ್ಟು ಹರಡಿತು. ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಮನೆಗೆ ಬಂದರು. ಬಣ್ಣದ ಡಬ್ಬಿ ಹುಡುಕಿ ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದರು: "ನಾನೂ ಗಾಡಿಯೇ."

ಸೈಕಲ್ಲಿನವರ ಸಂಘದ ಅಧ್ಯಕ್ಷ ಬೈಟನ್ ಅದನ್ನು ನೋಡಿ, "ಇದು ನಂಗೆ ಹೊಳೀಬೇಕಿತ್ತು" ಎಂದು ಬೇಜಾರು ಮಾಡಿಕೊಂಡ. ಮರುವಾರದಿಂದ ಅವನಿಗೇ ಹೊಳೆದದ್ದಾಯಿತು. ಎಲ್ಲ ಮಡ್‌ಗಾರ್ಡುಗಳ ಮೇಲೂ ಅದೇ ಮಾತು. ಎಲ್ಲರೂ ಸೈಕಲ್ ತಳ್ಳಿಕೊಂಡು, ಬೆಲ್ಲು ಬಾರಿಸುತ್ತ, ಪೇಟೆಯ ಆಡಳಿತ ಕಚೇರಿಗೆ ಹೋದರು. ಕಾರಿಗೆ ಇರುವ ಮರ್ಯಾದೆ ನಮಗೂ ಬೇಕು ಅಂದರು. ನಾನೂ ಮಂಡಾಸಿಯ ಬುಟ್ಟಿ ಹೊತ್ತು ಹಿಂದೆ ಹೋಗಿದ್ದೆ; ಅವತ್ತಿನಷ್ಟು ವ್ಯಾಪಾರ ಮತ್ತೆ ಆಗಿಲ್ಲ.

ಕಚೇರಿಯವರು ಒಪ್ಪಿಬಿಟ್ಟರು. ಕೇಳಿದ್ದನ್ನು ಅಷ್ಟು ಬೇಗ ಕೊಡುವ ಕಚೇರಿಯ ಮೇಲೆ ಸ್ವಲ್ಪ ಅನುಮಾನ ಪಡಬೇಕಿತ್ತು. ಆದರೆ ಬೈಟನ್ ಅವತ್ತು ಮೇಕೆ ಕಡಿಸಿದ್ದ, ಯಾರಿಗೂ ಅನುಮಾನ ಪಡುವಷ್ಟು ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಆಮೇಲೆ ರಾಜಧಾನಿಯಲ್ಲಿ ತರಬೇತಿ ಪಡೆದ ಮಗೊಂಬೊ ಬಂದರು. ಕೆಟ್ಟವರಲ್ಲ. ಲಂಚ ಮುಟ್ಟದವರು, ಎಲ್ಲರನ್ನೂ ಹೆಸರು ಹಿಡಿದು ಕರೆಯುವವರು. ಸಮಾನತೆ ಅಂದರೆ ಅವರಿಗೆ ಪ್ರಾಣ. ಸೈಕಲ್ ಗಾಡಿಯೇ ಆದರೆ ಗಾಡಿಯ ನಿಯಮವೇ ಅದಕ್ಕೂ, ಅಂದರು. ಕನ್ನಡಿ ಬೇಕು, ನಂಬರ್ ಬೇಕು, ಹಿಂದೆ ಹೊಳೆಯುವ ಪಟ್ಟಿ ಬೇಕು. ನಮ್ಮೂರಿನ ಒಂದೇ ಒಂದು ಸಿಗ್ನಲ್ಲು ಮಾರ್ಕೆಟ್ಟಿನ ಕಡೆಗೆ ತಿಂಗಳುಗಟ್ಟಲೆ ಕೆಂಪಾಗಿಯೇ ಇರುತ್ತದೆ. ಕಾರಿನವರು ಅದನ್ನು ಅಲಂಕಾರಕ್ಕೆ ಇಟ್ಟದ್ದು ಎಂದುಕೊಂಡು ಹೋಗುತ್ತಿದ್ದರು. ಈಗ ಸೈಕಲ್ಲಿನವರು ಅದರ ಮುಂದೆ ಸಾಲಾಗಿ ನಿಂತು, ಯಾರಾದರೂ ದೊಡ್ಡವರು ಬಂದು ಹೋಗಿ ಅನ್ನುವವರೆಗೆ ಕಾಯತೊಡಗಿದರು. ಮೀರಿದವರು ಸಿಕ್ಕಿಬಿದ್ದರು. ಕಾರಿನವರೂ ಮೀರುತ್ತಿದ್ದರು, ಇಲ್ಲವೆನ್ನಲಾಗದು. ಆದರೆ ಕಾರು ಓಡುತ್ತದೆ, ಸೈಕಲ್ ಸಿಗುತ್ತದೆ.

ನಾನು ಸುಟ್ಟ ಮಂಡಾಸಿಯನ್ನು ಕೋಳಿಗಳಿಗೆ ಎಸೆಯುವ ಹೊತ್ತಿಗೆ ಬೈಟನ್ ಸೈಕಲ್ಲಿನಲ್ಲಿ ಬಂದ. ಕನ್ನಡಿ ಒಂದಲ್ಲ, ಎರಡು ಹಾಕಿಸಿಕೊಂಡಿದ್ದ.

"ನಾಫೆ ಅಮ್ಮಾ, ಹೆದರಬೇಡ. ನಾನು ಮಾತಾಡಿ ಬಂದೆ," ಅಂದ. "ಸೈಕಲ್ ವಾಪಸ್ ಕೊಡ್ತಾರೆ. ಬರೋ ಶನಿವಾರ ಕಚೇರಿ ಅಂಗಳದಲ್ಲಿ ಎಲ್ಲಾ ಸೈಕಲ್‌ನೋರ ಮುಂದೆ ನಿಂತು, ಇನ್ಮೇಲೆ ಡಾಂಬರಿನ ಮೇಲೆ ಹೆಣ ಬಂದ್ರೂ ಇಳಿಯಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಂತೆ. ದಂಡ ಗಿಂಡ ಏನೂ ಇಲ್ಲ. ಮನುಷ್ಯ ದೇವರಂಥವರು."

"ಹೇಳದೆ ಇದ್ರೆ?" ಫ್ಯಾಕ್ಸನ್ ಕೇಳಿದರು.

"ಹೇಳದೆ ಇದ್ರೆ ಸೈಕಲ್ ಅವರದ್ದು."

"ಮಣ್ಣಿಗಿಳಿದು ನಿಂತ್ಕೋಬಹುದಲ್ಲ ಅಣ್ಣಾ?" ನಾನು ಕೇಳಿದೆ. "ಡಾಂಬರು ಬಿಟ್ಟು, ಪಕ್ಕಕ್ಕೆ?"

ಬೈಟನ್ ನನ್ನನ್ನು ಮರುಕದಿಂದ ನೋಡಿದ. "ಮಣ್ಣು ಈಗ ನಡೆಯೋರದು ತಾಯಿ. ಗಾಡಿ ಮಣ್ಣಿಗೆ ಇಳಿದ್ರೆ ಅದು ಬೇರೆ ತಪ್ಪು."

"ಅದನ್ನ ಯಾರು ಮಾಡಿದ್ರು?"

"ನಾವೇ ಕೇಳಿದ್ದಲ್ವಾ? 'ಮಣ್ಣು ಬೇಡ, ಮಣ್ಣು ಬೇಡ' ಅಂತ ಹಾಡು ಕಟ್ಟಿದ್ವಲ್ಲ. ನಿನ್ನ ಗಂಡಂದೇ ದನಿ ಎಲ್ಲರಿಗಿಂತ ಮೇಲೆ."

"ಕಾರಿನವರು ಏನು ಮಾಡ್ತಾರಂತೆ, ಹೆಣ ಬಂದ್ರೆ?" ಫ್ಯಾಕ್ಸನ್ ಕೇಳಿದರು. "ಮೊದಲು ನಿಲ್ಲಿಸ್ತಿದ್ರು."

"ಈಗ ದೀಪ ಹಾಕ್ತಾರೆ. ಹೋಗ್ತಾ ಹೋಗ್ತಾನೇ, ಮುಂದಿನ ದೊಡ್ಡ ದೀಪ. ಅದೇ ಮರ್ಯಾದೆ. ನಿನ್ ಸೈಕಲ್‌ಗೆ ದೀಪ ಇದ್ಯಾ? ಇಲ್ಲ. ಅದೂ ಒಂದು ತಪ್ಪೇ, ಆದ್ರೆ ಬ್ವಾನಾ ದೊಡ್ಡ ಮನಸ್ಸು ಮಾಡಿ ಅದನ್ನ ಎತ್ತಲಿಲ್ಲ."

ಮೆತ್ತೆಯ ಮೇಲೆ ಕೂತಿದ್ದ ನಾಫೆ ಎದ್ದು ನಿಂತಳು. "ಬೈಟನ್ ಮಾಮಾ, ಆ ಬ್ವಾನಾನೂ..."

"ಮಗೂ, ದೊಡ್ಡೋರು ಮಾತಾಡ್ತಿದ್ದಾರೆ," ಎಂದೆ ನಾನು. ಬೈಟನ್ ಅವಳ ತಲೆ ಸವರಿ, ಇದ್ದುದರಲ್ಲಿ ಕಡಿಮೆ ಸುಟ್ಟ ಮಂಡಾಸಿ ಒಂದನ್ನು ಕೋಳಿಯ ಬಾಯಿಂದ ತಪ್ಪಿಸಿ ತಾನು ತಿಂದು ಹೋದ.

ಮರುದಿನದಿಂದ ನಮ್ಮ ಮನೆ ಕಾಲಿನ ಮೇಲೆ ನಡೆಯಿತು. ನಾಫೆಯನ್ನು ಸ್ಕೂಲಿಗೆ ನಾನೇ ಕರೆದುಕೊಂಡು ಹೋದೆ. ಎಷ್ಟು ಬೇಗ ಹೊರಟರೂ ತಡವಾಯಿತು. ತಡವಾಗಿ ಬಂದವರು ಅಂಗಳದ ಹುಲ್ಲು ಕೊಯ್ಯಬೇಕು, ಅದು ಅಲ್ಲಿಯ ನಿಯಮ. ಸಂಜೆ ಅವಳ ಅಂಗೈ ಕೆಂಪಾಗಿತ್ತು. ಎಣ್ಣೆ ಹಚ್ಚಿದೆ. ಫ್ಯಾಕ್ಸನ್ ಅಭ್ಯಾಸಬಲದಿಂದ ಸೈಕಲ್ಲಿನವರು ನಿಲ್ಲುವ ಮರದಡಿಗೆ ಹೋಗಿ, ಇಡೀ ದಿನ ಬೇರೆಯವರ ಚಕ್ರಕ್ಕೆ ಗಾಳಿ ಹಾಕಿಕೊಟ್ಟು, ಬರುವಾಗ ಎರಡು ಟೊಮೆಟೊ ತಂದರು. ಮನೆಯಲ್ಲಿದ್ದ ಹಿಟ್ಟು ಶನಿವಾರದವರೆಗೆ ಬರುತ್ತಿತ್ತು. ಶನಿವಾರದ ಆಚೆಗೆ ಸೈಕಲ್ಲೇ ಬರಬೇಕಿತ್ತು.

ಹೇಳಿಬಿಡಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಮಾತಿನಿಂದ ಯಾರ ಹೊಟ್ಟೆಯೂ ಹರಿಯುವುದಿಲ್ಲ. ಆದರೆ ಬೋರ್‌ವೆಲ್ಲಿನ ಹತ್ತಿರ ಎಲೂಬೆ ಸಿಕ್ಕಿದಳು.

ಎಲೂಬೆಯ ಗಂಡ ನಮ್ಮ ಊರಿನ ಗುಂಡಿ ತೋಡುವವರ ಮುಖಂಡ. ಗುಂಡಿ ತೋಡುವವರೆಂದರೆ ಎಲ್ಲರಿಗೂ ಭಯ. ಸಾವಿನ ಮನೆಯಲ್ಲಿ ಅವರು ಕೇಳಿದ ಕೋಳಿ ಕೊಡಬೇಕು, ಅವರು ಆಡಿದ ಕುಚೋದ್ಯ ನುಂಗಬೇಕು. ಅವರು ಗುದ್ದಲಿ ಎತ್ತದಿದ್ದರೆ ಹೆಣ ಅಂಗಳದಲ್ಲೇ ಉಳಿಯುತ್ತದೆ. ಎಲೂಬೆ ಬೋರ್‌ವೆಲ್ಲಿನ ಕೈ ಒತ್ತುತ್ತ, ಯಾರಿಗೋ ಹೇಳುವ ಹಾಗೆ ಹೇಳಿದಳು:

"ನಮ್ಮನೆಯವ್ರಿಗೆ ಈ ವರ್ಷ ಕೆಲಸ ಕಡಿಮೆ ಅಂತೆ."

"ಯಾಕೆ ಎಲೂಬೆ, ಯಾರೂ ಸಾಯ್ತಿಲ್ವಾ?" ಎಂದೆ.

"ಸಾಯೋರು ಸಾಯ್ತಾರೆ. ಆದ್ರೆ ಕೆಲವರಿಗೆ ತೋಡೋ ಹಾಗಿಲ್ವಲ್ಲ. ಹೆಣಕ್ಕೆ ಇಳಿಯಲ್ಲ ಅಂತ ಎಲ್ಲರ ಮುಂದೆ ಆಣೆ ಮಾಡೋರು ಇದಾರಂತೆ. ಅಂಥೋರನ್ನ ಸೈಕಲ್ ಮೇಲೇ ಕೂರಿಸಿ ಕಳಿಸ್ತಾರೇನೋ, ಮೇಲಕ್ಕೆ. ಡಾಂಬರು ಅಲ್ಲಿವರ್ಗೂ ಇದ್ರೆ."

ಸುತ್ತಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ಅವರಿನ್ನೂ ಹೇಳಿಲ್ಲ," ಎಂದೆ.

"ಅದಕ್ಕೇ ಈಗ ಹೇಳ್ತಿದೀನಿ, ನಾಫೆ ಅಮ್ಮ. ನಿನ್ ಮೇಲೆ ನಂಗೆ ಕೋಪ ಇಲ್ಲ. ನಿನ್ ಅತ್ತೆ ಸತ್ತಾಗ ನಮ್ಮೋರು ಕಲ್ಲು ನೆಲ ಒಡೆದು ತೋಡಿದ್ರು. ನೆನಪಿದ್ಯಲ್ಲ?"

ನೆನಪಿತ್ತು. ಕೊಡ ತಲೆಗೇರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನೀರು ತುಳುಕಿ ಬೆನ್ನು ತೋಯುತ್ತಿತ್ತು. ನನ್ನ ಪಕ್ಕದಲ್ಲಿ ಸಣ್ಣ ಬಿಂದಿಗೆ ಹೊತ್ತು ಬರುತ್ತಿದ್ದ ನಾಫೆ ಕೇಳಿದಳು:

"ಅಮ್ಮಾ, ಇಳಿಯದೆ ಇದ್ರೆ ಅಪ್ಪನಿಗೆ ಗುಂಡಿ ಇಲ್ವಾ?"

"ಅದು ಸುಮ್ನೆ ತಮಾಷೆಗೆ ಅಂದದ್ದು."

"ಮತ್ತೆ ಇಳಿದ್ರೆ ಸೈಕಲ್ ಇಲ್ವಾ?"

"ಬಿಂದಿಗೆ ನೆಟ್ಟಗೆ ಹಿಡ್ಕೋ."

"ಹಾಗಾದ್ರೆ ಆ ಬ್ವಾನಾ..."

"ನಾಫೆ, ನೀರು ಚೆಲ್ತಿದೆ ನೋಡು."

ಚೆಲ್ಲುತ್ತಿರಲಿಲ್ಲ. ಅವಳ ಬಿಂದಿಗೆ ನನ್ನ ಕೊಡಕ್ಕಿಂತ ನೆಟ್ಟಗಿತ್ತು.

ಶುಕ್ರವಾರ ಸಂಜೆ ಜೋಳದ ಹಿಟ್ಟಿನ ನ್ಸಿಮಾ ತಿರುವಿ, ಉಸಿಪಾ ಮೀನು ಹುರಿದು, ಗಂಡನ ಮುಂದಿಟ್ಟೆ. ಅವರು ಮುದ್ದೆ ಮುರಿದು ಕೈಯಲ್ಲೇ ಉರುಳಿಸುತ್ತ ಕೂತರು.

"ನೀವು ಹೇಳಿಬಿಡಿ," ಎಂದೆ. "ಬಾಯಿ ಹೇಳ್ಲಿ. ಕಾಲು ಆಮೇಲೆ ತನಗೆ ಬೇಕಾದ್ದು ಮಾಡ್ಲಿ."

"ಎಲ್ಲರ ಮುಂದೆ ಹೇಳಿದ ಮೇಲೆ ಕಾಲು ಬಾಯಿ ಮಾತು ಕೇಳಬೇಕಲ್ವಾ?"

"ನಿಮ್ಮ ಕಾಲು ಯಾವತ್ತು ಯಾರ ಮಾತು ಕೇಳಿದೆ?"

ಅವರಿಗೆ ನಗು ಬಂತು. ಆದರೆ ನಗು ಮುದ್ದೆಯ ಹಾಗೆ ಅರ್ಧಕ್ಕೇ ನಿಂತಿತು. "ನೋಡು, ಆವತ್ತು ನಾನು ಇಳೀಬೇಕು ಅಂತ ಯೋಚನೆ ಮಾಡಿ ಇಳೀಲಿಲ್ಲ. ಹಸಿರು ಕೊಂಬೆ ಕಣ್ಣಿಗೆ ಬಿತ್ತು, ಅಷ್ಟೊತ್ತಿಗೆ ಕಾಲು ನೆಲದ ಮೇಲಿತ್ತು. ನಮ್ಮಪ್ಪ ಹಾಗೇ ಇಳೀತಿದ್ದ. ನಾಳೆ ಇಳಿಯಲ್ಲ ಅಂತ ಹೇಳಿ, ನಾಡಿದ್ದು ಕಾಲು ಮತ್ತೆ ಇಳಿದುಬಿಟ್ರೆ? ಮಾತು ತಪ್ಪಿದವನು ಅಂತ ಸೈಕಲ್ಲೂ ಹೋಗತ್ತೆ. ಇಳೀದೆ ಇದ್ರೆ ಊರು ಹೋಗತ್ತೆ."

"ಅವತ್ತಿನದು ಅವತ್ತಿಗೆ. ನಾಳೆ ಮೊದಲು ಸೈಕಲ್ ಮನೆಗೆ ಬರ್ಲಿ. ಹುಡುಗಿ ಕೈ ನೋಡಿ."

ನಾಫೆ ತನ್ನ ಅಂಗೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಫ್ಯಾಕ್ಸನ್ ಮುದ್ದೆಯನ್ನು ತಟ್ಟೆಗಿಟ್ಟು, "ಆಯ್ತು, ಹೇಳ್ತೀನಿ" ಅಂದರು. ನಾನು ಗೆದ್ದೆ. ಗೆದ್ದವಳಿಗೆ ಊಟ ಸೇರಲಿಲ್ಲ.

ಶನಿವಾರ ಕಚೇರಿಯ ಅಂಗಳ ತುಂಬಿತ್ತು. ಬಾವುಟದ ಕಂಬದ ಬುಡದಲ್ಲಿ ಹಿಡಿದ ಸೈಕಲ್ಲುಗಳನ್ನು ಒಂದೇ ಸರಪಳಿಯಲ್ಲಿ ಕಟ್ಟಿದ್ದರು. ಸಂತೆಗೆ ತಂದ ಮೇಕೆಗಳ ಹಾಗೆ ಕತ್ತು ಒಂದೊಂದು ಕಡೆಗೆ ತಿರುಗಿಸಿಕೊಂಡು ನಿಂತಿದ್ದವು. ನಮ್ಮದರ ಮಡ್‌ಗಾರ್ಡಿನ ಕೆಂಪು ಅಕ್ಷರ ದೂರದಿಂದಲೇ ಕಾಣುತ್ತಿತ್ತು. ಬಾಡಿಗೆ ಸೈಕಲ್ಲಿನವರೆಲ್ಲ ಸಾಲಾಗಿ ನಿಂತಿದ್ದರು. ಎಲೂಬೆಯ ಗಂಡ ಮತ್ತು ಅವನ ಇಬ್ಬರು ಗೆಳೆಯರು, ಯಾರೂ ಕರೆಯದಿದ್ದರೂ ಬಂದು, ಗೋಡೆಗೆ ಒರಗಿ ಕಬ್ಬು ಜಗಿಯುತ್ತಿದ್ದರು. ನಾನು ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡು, ನಾಫೆಯ ಭುಜದ ಮೇಲೆ ಕೈಯಿಟ್ಟು ಹಿಂದೆ ನಿಂತೆ.

ಮಗೊಂಬೊ ಬಂದರು. ಪ್ಯಾಂಟು ಹೊಸದಾಗಿ ಇಸ್ತ್ರಿಯಾಗಿತ್ತು. ನನ್ನನ್ನು ನೋಡಿ "ಹೇಗಿದ್ದೀರಮ್ಮಾ, ಮನೆ ಕಡೆ ಎಲ್ಲಾ ಆರಾಮಾ?" ಎಂದು ಕೇಳಿದರು. ಸೈಕಲ್ ಕಟ್ಟಿಹಾಕಿಕೊಂಡವರು ಅಷ್ಟು ಪ್ರೀತಿಯಿಂದ ಕೇಳಿದರೆ "ಆರಾಮ ಬ್ವಾನಾ" ಎಂದಲ್ಲದೆ ಬೇರೆ ಏನು ಹೇಳುವುದು?

"ಸಹೋದರರೇ," ಎಂದು ಅವರು ಶುರು ಮಾಡಿದರು. "ಫ್ಯಾಕ್ಸನ್ ಮೇಲೆ ನನಗೆ ದ್ವೇಷ ಇಲ್ಲ. ಅವರು ಒಳ್ಳೇ ಮನುಷ್ಯ. ಆದ್ರೆ ಅವರ ಮಡ್‌ಗಾರ್ಡ್ ಮೇಲೆ ಏನು ಬರೆದಿದೆ? ಬೈಟನ್, ಓದಿ."

"'ನಾನೂ ಗಾಡಿಯೇ', ಬ್ವಾನಾ," ಬೈಟನ್ ದೊಡ್ಡ ದನಿಯಲ್ಲಿ ಓದಿದ.

"ಯಾರು ಬರೆದದ್ದು?"

"ಫ್ಯಾಕ್ಸನ್ನೇ, ಬ್ವಾನಾ." ಆ ಮಾತು ತನಗೆ ಹೊಳೆದದ್ದೆಂದು ಅವನು ಅವತ್ತು ಹೇಳಲಿಲ್ಲ.

"ಗಾಡಿ ಅಂದ್ಮೇಲೆ ಗಾಡಿ. ಅರ್ಧ ಗಾಡಿ ಅನ್ನೋದಿಲ್ಲ. ಡಾಂಬರಿನ ಮೇಲೆ ಹೋಗುವಾಗ ಗಾಡಿ, ಹೆಣ ಬಂದಾಗ ಕಾಲು, ಹಾಗೆ ಮಾಡಿದ್ರೆ ಹಿಂದೆ ಬರೋರ ಗತಿ ಏನು? ನಾನು ಬ್ರೇಕ್ ಹಾಕದೆ ಇದ್ದಿದ್ರೆ ಆ ಮಗು ಇವತ್ತು ಇಲ್ಲಿ ಇರ್ತಿತ್ತಾ?"

ಆ ಮಾತು ನನ್ನ ಎದೆಗೂ ನಾಟಿತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾರು ಇನ್ನೊಂದು ಮಾರು ಮುಂದೆ ಬಂದಿದ್ದರೆ, ಆ ಪಿಕಪ್ಪು ಮರುದಿನ ನಮ್ಮ ಮನೆಗೇ ಬರುತ್ತಿತ್ತು. ನಾಫೆಯ ಭುಜವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

"ಕೊಂಬೆ ಕಟ್ಟಿದ್ದು ಅರ್ಧ ಮೈಲಿ ದೂರಕ್ಕೆ ಕಾಣ್ತಿತ್ತು, ಬ್ವಾನಾ," ಎಂದರು ಫ್ಯಾಕ್ಸನ್, ತಲೆ ತಗ್ಗಿಸಿಯೇ. "ನೀವೂ ನಿಧಾನ ಮಾಡ್ತೀರಿ ಅಂದ್ಕೊಂಡೆ."

"ನಾನು ದೀಪ ಹಾಕಿದೆ."

"ಹೌದು ಬ್ವಾನಾ. ನನ್ನ ಬೆನ್ನಿಗೆ ಬೆಳಕು ಬಿತ್ತು."

ಗೋಡೆಗೆ ಒರಗಿದ್ದವರಲ್ಲಿ ಒಬ್ಬ ಕಬ್ಬಿನ ಸಿಪ್ಪೆ ಉಗಿದು ನಕ್ಕ. ಬೈಟನ್ ಕೆಮ್ಮಿದ.

"ವಾದ ಬೇಡ," ಎಂದರು ಮಗೊಂಬೊ ಸಮಾಧಾನವಾಗಿ. "ಬಲಗೈ ಎತ್ತಿ. ನಾನು ಹೇಳಿದ ಹಾಗೆ ಹೇಳಿ: ಡಾಂಬರಿನ ಮೇಲೆ, ಯಾವ ಹೆಣ ಬಂದ್ರೂ, ನಾನು ಇಳಿಯೋದಿಲ್ಲ."

ಫ್ಯಾಕ್ಸನ್ ಕೈ ಎತ್ತಿದರು. "ಡಾಂಬರಿನ ಮೇಲೆ... ತೀರಾ ಬೇಕಾಗಿಲ್ಲದೆ ಇದ್ರೆ... ನಾನು ಇಳಿಯೋದಿಲ್ಲ."

"ತೀರಾ ಬೇಕು ಗೀಕು ಇಲ್ಲ. ಇನ್ನೊಂದ್ಸಲ."

"ಡಾಂಬರಿನ ಮೇಲೆ, ಗುರುತಿಲ್ಲದವರ ಹೆಣ ಬಂದ್ರೆ..."

"ಫ್ಯಾಕ್ಸನ್. ನಿಯಮಕ್ಕೆ ಗುರುತು ಪರಿಚಯ ಇರಲ್ಲ. ಮಂತ್ರಿ ಹೆಣ ಆದ್ರೂ ಅಷ್ಟೆ, ಭಿಕ್ಷುಕನ ಹೆಣ ಆದ್ರೂ ಅಷ್ಟೆ. ಅದೇ ಸಮಾನತೆ."

ಕಬ್ಬು ಜಗಿಯುವ ಸದ್ದು ನಿಂತಿತ್ತು. ಗುಂಡಿ ತೋಡುವವರು ಮೂವರೂ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದರು. ಫ್ಯಾಕ್ಸನ್ ತಿರುಗಿ ನನ್ನ ಕಡೆ ನೋಡಿದರು. ನಾನು ಮೆತ್ತೆಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದೆ. ನಿನ್ನೆ ಮಾತಾಡಿದ್ದಲ್ವಾ ಎನ್ನುವ ಹಾಗೆ. ಅವರು ಮುಂದಕ್ಕೆ ತಿರುಗಿ, ಎತ್ತಿದ ಕೈಯನ್ನು ಇನ್ನಷ್ಟು ಮೇಲೆತ್ತಿದರು.

"ಹೇಳ್ತಾರೆ ಬ್ವಾನಾ, ಹೇಳ್ತಾರೆ," ಎಂದ ಬೈಟನ್. "ಗಂಟಲು ಒಣಗಿದೆ ಅಷ್ಟೆ."

"ಅವಸರ ಇಲ್ಲ. ಅರ್ಥ ಆಗಿ ಹೇಳ್ಲಿ, ಸುಮ್ನೆ ಗಿಳಿಪಾಠ ಬೇಡ." ಮಗೊಂಬೊ ಸಾಲನ್ನೆಲ್ಲ ಒಮ್ಮೆ ನೋಡಿದರು. "ಇಲ್ಲಿ ಯಾರಿಗಾದ್ರೂ ಅನುಮಾನ ಇದ್ರೆ ಈಗ್ಲೇ ಕೇಳಿ. ಕೇಳೋದು ತಪ್ಪಲ್ಲ."

ಯಾರೂ ಕೇಳಲಿಲ್ಲ. ಕೇಳುವುದು ತಪ್ಪಲ್ಲ ಎಂದು ದೊಡ್ಡವರು ಹೇಳಿದಾಗ ಕೇಳಬಾರದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ತನ್ನ ಬೆಲ್ಲು ಒರೆಸಿದ. ಇನ್ನೊಬ್ಬ ಆಕಾಶ ನೋಡಿದ. ಆಗ ಮಗೊಂಬೊ ಅವರ ಕಣ್ಣು ನಾಫೆಯ ಮೇಲೆ ಬಿತ್ತು. ಅವರ ಮುಖ ಮೃದುವಾಯಿತು. ಮನೆಯಲ್ಲಿ ಅವರಿಗೂ ಮಕ್ಕಳಿದ್ದಾರೆ, ಅದು ಗೊತ್ತಾಗುತ್ತಿತ್ತು. ಅವರು ಹತ್ತಿರ ಬಂದು ಬಾಗಿ ನಿಂತರು.

"ಅವತ್ತು ಹಿಂದೆ ಕೂತಿದ್ದವಳು ನೀನೇ ಅಲ್ವಾ? ಹೆದರಿಕೆ ಆಯ್ತಾ?"

ನಾಫೆ ಇಲ್ಲವೆಂದು ತಲೆಯಾಡಿಸಿದಳು.

"ಜಾಣೆ. ನಿಯಮ ನಿಂಗೆ ಅರ್ಥ ಆಯ್ತಾ? ಅಪ್ಪನಿಗಿಂತ ನಿಂಗೇ ಬೇಗ ಅರ್ಥ ಆಗಿರತ್ತೆ."

ಅವಳು ಅವರನ್ನು ನೋಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಸೈಕಲ್ ಹಿಡಿದ ಮಂಗಳವಾರದಿಂದ ಒಳಗೇ ಇಟ್ಟುಕೊಂಡದ್ದು ಅವಳ ತುಟಿಯ ತುದಿಗೆ ಬಂದು ನಿಂತಿತ್ತು. ಎಣ್ಣೆ ಹತ್ತಿರ ಇರಲಿಲ್ಲ, ಬಿಂದಿಗೆ ಇರಲಿಲ್ಲ. ಅವಳ ಭುಜವನ್ನು ಒಮ್ಮೆ ಒತ್ತಿದ್ದರೆ ಅವಳು ಸುಮ್ಮನಾಗುತ್ತಿದ್ದಳು, ಒಳ್ಳೆಯ ಹುಡುಗಿ. ಅವಳ ಅಪ್ಪನ ಕೈ ಇನ್ನೂ ಗಾಳಿಯಲ್ಲೇ ಇತ್ತು.

ನಾನು ನನ್ನ ಕೈಯನ್ನು ಅವಳ ಭುಜದಿಂದ ತೆಗೆದೆ.

"ಒಂದು ಅರ್ಥ ಆಗ್ಲಿಲ್ಲ ಬ್ವಾನಾ," ಎಂದಳು ನಾಫೆ, ಸ್ಕೂಲಿನಲ್ಲಿ ನಿಂತು ಕೇಳುವ ಹಾಗೆ, ಎಲ್ಲರಿಗೂ ಕೇಳಿಸುವ ದನಿಯಲ್ಲಿ. "ನೀವು ಸತ್ತಾಗ ನಿಮ್ಮನ್ನೂ ಅದೇ ರಸ್ತೇಲಿ ತರ್ತಾರಲ್ವಾ, ಆಗ ನಮ್ಮಪ್ಪ ಇಳೀಬೇಕಾ, ಇಳೀಬಾರ್ದಾ?"